ಎಡಕ್ಕೆ ಸುತ್ತಿದ ತಂತಿ

2016ರ ಜೂನ್ 9, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನಹಾಬ್ವೆಯ ಕೈಗಳನ್ನು ಮೊದಲ ಸಲ ನೋಡಿದೆ. ಮುಖವನ್ನು ಆಮೇಲೆ ನೋಡಿದೆ.

ಬ್ವಿಂಡಿ ಕಾಡಿನ ಅಂಚಿನ ಬಾಳೆತೋಟದಲ್ಲಿ ಇಬಾರೆ ಕುಟುಂಬದ ಒಂಬತ್ತು ಗೊರಿಲ್ಲಾಗಳು ಕೂತು ದಿಂಡು ಸೀಳಿ ತಿನ್ನುತ್ತಿದ್ದವು. ಅವುಗಳನ್ನು ನೋಯಿಸದೆ ಕಾಡಿಗೆ ತಿರುಗಿಸುವುದು ನಮ್ಮ ನ್ಯಾಮಿರಾಮ ಗುಡ್ಡದ ಸ್ವಯಂಸೇವಕರ ಕೆಲಸ; ನಾನು ಗೊರಿಲ್ಲಾಗಳ ವೈದ್ಯೆ, ನೋಡಲು ಬಂದಿದ್ದೆ. ಕಲ್ಲು ಎಸೆಯಬಾರದು, ಓಡಬಾರದು. ಸಾಲಾಗಿ ನಿಂತು ಗಂಟೆ ಬಾರಿಸುತ್ತ ಒಂದೊಂದೇ ಹೆಜ್ಜೆ ಮುಂದಿಡಬೇಕು. ಸಾಲಿನ ನಡುವೆ ನಿಂತ ಉದ್ದನೆಯ ಆಳು ನಹಾಬ್ವೆ ಗಂಟೆಯನ್ನು ಎಡಗೈಯಲ್ಲಿ ಹಿಡಿದಿದ್ದ. ಬಳ್ಳಿಯನ್ನು ಕತ್ತಿಯಿಂದ ಸವರಿದ್ದೂ ಎಡಗೈಯಲ್ಲೇ.

ನನ್ನ ಕೋಟಿನ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲವೊಂದಿತ್ತು. ಅದರೊಳಗೆ ಸೈಕಲ್ಲಿನ ಬ್ರೇಕ್ ತಂತಿಯಿಂದ ಮಾಡಿದ ಒಂದು ಉರುಲು. ನಾನು ಅದನ್ನು ಬಟ್ಟೆಯ ಮೇಲಿನಿಂದಲೇ ಬಿಗಿಯಾಗಿ ಹಿಡಿದುಕೊಂಡೆ.

ಗೊರಿಲ್ಲಾಗಳು ಕಾಡು ಸೇರಿದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ಬಂದ. "ಡಾಕ್ಟ್ರೇ, ನಿಮ್ಮ ನೆಂಟರು ಇವತ್ತು ನಮ್ಮ ಚಿಕ್ಕಮ್ಮನ ಹದಿನಾಲ್ಕು ಬಾಳೆಗಿಡ ಮುಗಿಸಿದ್ರು. ಊಟ ಹೇಗಿತ್ತು ಅಂತ ಸ್ವಲ್ಪ ಕೇಳಿ ಹೇಳಿ."

ನಾನು ನಗಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತಿದ್ದೆ.

ಆ ಉರುಲು ಅಕನ್ಯೊನಿಯ ಮಣಿಕಟ್ಟಿನಿಂದ ನಾನೇ ಬಿಡಿಸಿದ್ದು. ಅಕನ್ಯೊನಿ ಎಂದರೆ ಪುಟ್ಟ ಹಕ್ಕಿ. ಇಬಾರೆ ಕುಟುಂಬದ ಮೂರು ವರ್ಷ ಎರಡು ತಿಂಗಳ ಹೆಣ್ಣುಮರಿ. ಮೇ ತಿಂಗಳಲ್ಲಿ ಕಾಡಿನಲ್ಲಿ ಜಾಡು ಹಿಡಿಯುವವರು ಅದು ಒಂದು ಕೈ ಎತ್ತಿಕೊಂಡು ಕುಂಟುತ್ತಿರುವುದನ್ನು ಕಂಡು ಸುದ್ದಿ ಕಳಿಸಿದರು. ನಾನು ತಲುಪುವ ಹೊತ್ತಿಗೆ ತಂತಿ ಮೂಳೆಯವರೆಗೆ ಇಳಿದಿತ್ತು. ಅರಿವಳಿಕೆ ಕೊಟ್ಟು, ತಂತಿ ಕತ್ತರಿಸಿ, ಗಾಯ ತೊಳೆದೆ. ನಾಲ್ಕನೆಯ ದಿನ ಮರಿ ಸತ್ತಿತು. ತಾಯಿ ಆ ಹೆಣವನ್ನು ಹನ್ನೊಂದು ದಿನ ಹೊತ್ತು ತಿರುಗಿತು. ರಾತ್ರಿ ಎಲೆ ಹಾಸಿ ಗೂಡು ಕಟ್ಟಿಕೊಂಡಾಗ ಅದನ್ನು ಎದೆಗೊತ್ತಿ ಮಲಗುತ್ತಿತ್ತೆಂದು ಬೆಳಗಿನ ಗೂಡಿನ ಗುರುತುಗಳು ಹೇಳುತ್ತಿದ್ದವು. ಬೆಳ್ಳಿಬೆನ್ನಿನ ದೊಡ್ಡ ಗಂಡು ತನ್ನ ನಡಿಗೆಯನ್ನು ಅವಳಿಗಾಗಿ ನಿಧಾನಿಸಿತ್ತು. ದಿನಕ್ಕೆ ಎಂಟುನೂರು ಮೀಟರ್ ಸಾಗುತ್ತಿದ್ದ ಕುಟುಂಬ ಆ ದಿನಗಳಲ್ಲಿ ಮುನ್ನೂರು ದಾಟಲಿಲ್ಲ. ಇದೆಲ್ಲವನ್ನೂ ಬರೆದಿಟ್ಟವಳು ನಾನೇ.

ಹನ್ನೆರಡನೆಯ ದಿನ ತಾಯಿ ಹೆಣವನ್ನು ನೆಲಕ್ಕಿಳಿಸಿ, ನಾಲ್ಕು ಸಲ ತಿರುಗಿ ನೋಡಿ, ಹೊರಟುಹೋಯಿತು. ನಾವು ಅದನ್ನು ಮಣ್ಣು ಮಾಡಿದೆವು. ಆ ತಂತಿ ಸುತ್ತಿದ ಕೈಯನ್ನು ನನ್ನ ಕೈಯಾರೆ ಹಿಡಿದು ಠಾಣೆಗೆ ಒಪ್ಪಿಸುತ್ತೇನೆ ಎಂದು ಆ ಗುಂಡಿಯ ಹತ್ತಿರ ಆಣೆ ಇಟ್ಟೆ. ಅಲ್ಲಿಯವರೆಗೆ ನಾನು ಯಾವುದರ ಮೇಲೂ ಆಣೆ ಇಟ್ಟವಳಲ್ಲ.

ತಂತಿಯ ತುದಿಯನ್ನು ಐದು ಸುತ್ತು ಸುತ್ತಿ ಬಿಗಿದಿದ್ದರು. ಸುತ್ತು ಏರಿದ್ದು ಎಡಕ್ಕೆ. ನಮ್ಮ ಶಿಬಿರದ ಹದಿನಾಲ್ಕು ಮಂದಿಯ ಕೈಯಲ್ಲಿ ತಂತಿ ಸುತ್ತಿಸಿದೆ. ಹದಿಮೂರು ಬಲಗೈಯವರದು ಬಲಕ್ಕೆ, ಒಬ್ಬ ಎಡಗೈಯವನದು ಮಾತ್ರ ಉರುಲಿನ ಹಾಗೆ ಎಡಕ್ಕೆ. ಒಬ್ಬನ ಮೇಲೆ ಇಷ್ಟು ದೊಡ್ಡ ತೀರ್ಮಾನ ಕಟ್ಟಬಾರದೆಂದು ಕಾಲೇಜಿನಲ್ಲಿ ಕಲಿತಿದ್ದೆ. ಸೇಡಿಗೆ ಅಷ್ಟೇ ಸಾಕಾಯಿತು. ನಮ್ಮ ಕಡೆ ಎಡಗೈ ಮಕ್ಕಳನ್ನು ಚಿಕ್ಕಂದಿನಲ್ಲೇ ಹೊಡೆದು ತಿದ್ದುತ್ತಾರೆ. ತಿದ್ದಿಯೂ ಉಳಿದವರು ಒಂದು ಗುಡ್ಡಕ್ಕೆ ಇಬ್ಬರೋ ಮೂವರೋ.

ಹೀಗೆ ನಾನು ನಹಾಬ್ವೆಯ ಬೆನ್ನು ಹತ್ತಿದೆ.

ಸ್ವಯಂಸೇವಕರಿಗೆ ಪಾಠ ಹೇಳುವ ನೆಪ ನನಗೆ ಒದಗಿತು. ಪ್ರತಿ ಬುಧವಾರ ಅವರ ಗುಡಾರಕ್ಕೆ ಹೋಗುತ್ತಿದ್ದೆ. ಗೊರಿಲ್ಲಾದ ಮೂಗಿನ ಮೇಲಿನ ಗೆರೆಗಳು ಒಂದರ ಹಾಗೆ ಇನ್ನೊಂದಕ್ಕಿಲ್ಲ, ಅದರಿಂದಲೇ ಗುರುತು ಹಿಡಿಯಬೇಕು. ನಮ್ಮ ನೆಗಡಿ ಅವುಗಳಿಗೆ ಹತ್ತಿದರೆ ಪ್ರಾಣಕ್ಕೇ ಬರುತ್ತದೆ. ಏಳು ಮೀಟರಿಗಿಂತ ಹತ್ತಿರ ಹೋಗಬಾರದು. ಹೇಳುತ್ತ ಹೇಳುತ್ತ ಅವನ ಕೈಗಳನ್ನು ನೋಡುತ್ತಿದ್ದೆ. ಆಲೂಗಡ್ಡೆ ಸುಲಿಯುವಾಗ, ಜೋಳದ ಅಂಬಲಿಯ ಸೋರೆಬುರುಡೆ ಎತ್ತುವಾಗ, ಗಂಟೆಯ ದಾರ ಬಿಗಿಯುವಾಗ. ಎಡ ಹೆಬ್ಬೆರಳಿನ ಬುಡದಲ್ಲಿ ಹಳೆಯ ಗೀರು. ಉಗುರುಗಳು ಗಿಡ್ಡ, ಸ್ವಚ್ಛ.

ಅವನಿಗೆ ಅರ್ಥವಾದದ್ದೇ ಬೇರೆ. ಮೊದಲ ವಾರ ಮುಜುಗರಪಟ್ಟ. ಎರಡನೆಯ ವಾರ ತೊಳೆದ ಅಂಗಿ ಹಾಕಿಕೊಂಡು ಬಂದ. ಮೂರನೆಯ ವಾರ ನನ್ನ ನೋಟ ಅವನ ಬೆರಳಿನಿಂದ ಮೇಲೆ ಏರುವಷ್ಟರಲ್ಲಿ ಅವನ ಕಣ್ಣು ಅಲ್ಲಿ ಕಾಯುತ್ತಿತ್ತು. ಅವನು ಕಣ್ಣು ತಗ್ಗಿಸಲಿಲ್ಲ. ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು. ತಗ್ಗಿಸಿದವಳು ನಾನು.

ಶಿಬಿರದಲ್ಲಿ ಅಡುಗೆ ಮಾಡುವ ಜೊವನಿಸ್ ಅಕ್ಕನಿಗೆ ಎಲ್ಲ ಸುದ್ದಿಯೂ ಬರುತ್ತದೆ. ಡಾಕ್ಟರಮ್ಮ ಗೊರಿಲ್ಲಾ ಬಿಟ್ಟು ಗಂಟೆಯವನ ಮೈಯಳತೆ ಶುರುಮಾಡಿದ್ದಾಳೆಂದು ಅವಳು ಹೇಳಿದಳು. ನಾನು ಕೆಲಸ ಎಂದೆ. ಬೀನ್ಸ್ ಮಗುಚುತ್ತಲೇ ಅವಳೆಂದಳು, "ನನ್ನ ಗಂಡನ್ನೂ ನಾನು ಕೆಲಸ ಅಂತಲೇ ನೋಡೋಕೆ ಹೋಗಿದ್ದೆ. ಐದು ಮಕ್ಕಳಾದ್ವು."

ಜುಲೈ ಹದಿಮೂರರಂದು ಪಾಠ ಮುಗಿದ ಮೇಲೆ ನಹಾಬ್ವೆ ನನ್ನ ಜೊತೆ ದಾರಿಯ ತಿರುವಿನವರೆಗೆ ಬಂದ. ಮಂಜು ಕಣಿವೆಯಿಂದ ಏರಿ ಚಹಾ ತೋಟದ ಅಂಚಿನವರೆಗೆ ಬಂದಿತ್ತು.

"ಗೊರಿಲ್ಲಾದಿಂದ ಏಳು ಮೀಟರ್ ಅಂದ್ರಿ," ಅಂದ. "ನಿಮ್ಮಿಂದ ಎಷ್ಟು ಅಂತ ಹೇಳಲೇ ಇಲ್ಲ."

"ನೆಗಡಿ ಇದ್ಯಾ ನಿಮಗೆ?"

"ಇಲ್ಲ."

"ಕೆಮ್ಮು?"

"ಅದೂ ಇಲ್ಲ. ನಿದ್ದೆ ಮಾತ್ರ ಬರ್ತಿಲ್ಲ."

"ಅದು ಅಂಟೋ ರೋಗ ಅಲ್ಲ."

"ಅಲ್ವಾ? ನಿಮ್ಮ ಕಣ್ಣು ನೋಡಿದ್ರೆ ನಿಮಗೂ ಅಂಟಿದ ಹಾಗಿದೆ."

ನಿದ್ದೆ ಇಲ್ಲದಿದ್ದದ್ದು ನಿಜ. ಮೊದಮೊದಲು ಅಕನ್ಯೊನಿಯ ಊದಿದ ಕೈ ಕನಸಿನಲ್ಲಿ ಬರುತ್ತಿತ್ತು. ಈಚೆಗೆ ಅದರ ಪಕ್ಕದಲ್ಲಿ ಇವನ ಕೈಯೂ ಬರುತ್ತಿತ್ತು. ಈ ಕೈಯೇ ಆಗಿರಲಿ ಎಂದು ಬೇಡುತ್ತಿದ್ದೆನೋ ಆಗದಿರಲಿ ಎಂದೋ, ಎಚ್ಚರವಾದ ಮೇಲೆ ನೆನಪಿರುತ್ತಿರಲಿಲ್ಲ.

ಹೆಚ್ಚು ದಿನ ಹೀಗೆ ಬದುಕಲಾರೆನೆಂದು ಒಂದು ಪರೀಕ್ಷೆ ಒಡ್ಡಿದೆ. ಸಸಿಗಳಿಗೆ ಬೇಲಿ ಕಟ್ಟುವ ದಿನ ಒಂದು ತುಂಡು ತಂತಿ ಅವನ ಕೈಗೆ ಕೊಟ್ಟು, ಈ ಗೂಟಕ್ಕೆ ಐದು ಸುತ್ತು ಸುತ್ತಿ ಕೊಡಿ ಎಂದೆ. ಅವನು ತಂತಿಯನ್ನು ನೋಡಿದ. ನನ್ನನ್ನು ನೋಡಿದ. ಆ ನೋಟ ಸ್ವಲ್ಪ ಉದ್ದವಾಯಿತು. ಆಮೇಲೆ ತಂತಿಯನ್ನು ಬಲಗೈಗೆ ತೆಗೆದುಕೊಂಡು ಅಚ್ಚುಕಟ್ಟಾಗಿ ಸುತ್ತಿದ. ಹದಿಮೂರು ಮಂದಿಯದೇ ದಿಕ್ಕು.

"ಬಲಗೈಲೂ ಬರುತ್ತಾ?" ಎಂದೆ.

"ಅಮ್ಮ ಸೌದೆ ತಗೊಂಡು ಕಲಿಸಿದ್ಲು. ತಂತಿ, ಪೆನ್ನು, ಊಟ ಎಲ್ಲ ಬಲಗೈ. ಗಂಟೆ, ಕತ್ತಿ ಅವಳ ಕಣ್ತಪ್ಪಿಸಿ ಕಲ್ತಿದ್ದು."

ನಾನು ನಕ್ಕುಬಿಟ್ಟೆ. ಅಂದು ಶಿಬಿರಕ್ಕೆ ಹಿಂತಿರುಗುವಾಗ ಹಾಡಿಕೊಂಡೆನಂತೆ. ಜೊವನಿಸ್ ಅಕ್ಕ ಇವತ್ತಿಗೂ ಹಾಗೆಂದು ಸಾಧಿಸುತ್ತಾಳೆ.

ಆಗಸ್ಟ್ ಪೂರ್ತಿ ನನ್ನದಾಗಿತ್ತು. ಸಂತೆಯ ದಿನ ಅವನು ನನಗಾಗಿ ಹುರಿದ ಜೋಳದ ತೆನೆ ಹಿಡಿದು ಕಾಯುತ್ತಿದ್ದ. ನೀವು ಹೋಗಿ ನೀನು ಬಂತು. ಇಬಾರೆಯ ದೊಡ್ಡ ಗಂಡು ಎದೆ ಬಡಿದುಕೊಂಡಾಗ ಮರಿಗಳು ಅದನ್ನು ನಕಲು ಮಾಡಲು ಹೋಗಿ ಹಿಂದಕ್ಕೆ ಉರುಳುವುದನ್ನು ಇಬ್ಬರೂ ಪೊದೆಯ ಹಿಂದೆ ಕೂತು ನೋಡಿದೆವು. ಅವನು ನನ್ನ ಕಿವಿಯ ಹತ್ತಿರ ಬಂದು, ತನ್ನ ತಮ್ಮಂದಿರೂ ಹೀಗೇ ಎಂದು ಪಿಸುಗುಟ್ಟಿದ. ಅವನ ಉಸಿರು ನನ್ನ ಕತ್ತಿಗೆ ತಾಗಿತು. ಏಳು ಮೀಟರಿನ ಲೆಕ್ಕ ಯಾರಿಗೂ ನೆನಪಾಗಲಿಲ್ಲ.

ಆದರೂ ಜೇಬಿನಲ್ಲಿ ಚೀಲ ಇತ್ತು. ಪ್ರೀತಿ ಸೇಡನ್ನು ಕರಗಿಸುತ್ತದೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಇವನಲ್ಲ ಎಂಬ ನೆಮ್ಮದಿಯೇ ನನ್ನನ್ನು ಇನ್ನಷ್ಟು ಹರಿತ ಮಾಡಿತು. ಇನ್ನು ಯಾರನ್ನಾದರೂ ಕೈ ನಡುಗದೆ ಹಿಡಿಯಬಹುದಿತ್ತು.

ಸೆಪ್ಟೆಂಬರಿನಲ್ಲಿ ಸಂತೆಯ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುವ ನಮ್ಮ ಗುಡ್ಡದ ಮುದುಕ ರುತಾರೊ ಕಣ್ಣಿಗೆ ಬಿದ್ದ. ಚಕ್ರದ ಕಡ್ಡಿಗಳನ್ನು ಎಡಗೈಯಲ್ಲಿ ಬಿಗಿಯುತ್ತಿದ್ದ. ಹಿಂದಿನ ಗೋಡೆಯ ಮೊಳೆಗೆ ಹಳೆಯ ಬ್ರೇಕ್ ತಂತಿಗಳ ಸುರುಳಿ ತೂಗುತ್ತಿತ್ತು. ಅವನು ತಂತಿ ಕಟ್ಟಿದ್ದ ಒಂದು ಸೈಕಲ್ ನೋಡಿದೆ. ಎಡಕ್ಕೆ ಐದು ಸುತ್ತು.

ನಾಲ್ಕು ಪುಟದ ದೂರು ಬರೆದು, ಚಿತ್ರ ಅಂಟಿಸಿ, ಠಾಣೆಗೆ ಕೊಟ್ಟೆ.

ನಹಾಬ್ವೆಗೆ ಹೇಳಿದೆ. ಅವನು, ಮುಜೇ ಅಂಥವರಲ್ಲ, ಬಿಟ್ಟುಬಿಡು ಎಂದ. ಮುಜೇ ಎಂದು ನಾವು ಹಿರಿಯರನ್ನು ಕರೆಯುತ್ತೇವೆ. ಪುರಾವೆ ಇದೆ ಎಂದೆ. ಸತ್ತದ್ದು ಸತ್ತಾಯ್ತು, ಬದುಕಿದವರನ್ನ ನೋಡೋಣ ಎಂದ. ನನಗೆ ಸಿಟ್ಟು ಬಂತು. ಹನ್ನೊಂದು ದಿನ ಹೆಣ ಹೊತ್ತವಳನ್ನು ನೀನು ನೋಡಿಲ್ಲ ಎಂದೆ. ಅವನು ನೆಲ ನೋಡಿದ. ಮೃದು ಮನಸ್ಸು ಎಂದುಕೊಂಡೆ. ಆ ತಗ್ಗಿದ ಕಣ್ಣನ್ನೂ ನಾನು ತಪ್ಪಾಗಿಯೇ ಓದಿದೆ.

ಠಾಣೆಯವರು ರುತಾರೊನನ್ನು ಒಂದು ದಿನ ಕೂರಿಸಿ ಪ್ರಶ್ನೆ ಕೇಳಿ ಕಳಿಸಿದರು. ಅಂಗಡಿಯ ತಂತಿಯನ್ನೆಲ್ಲ ಒಯ್ದರು. ಪುಟ್ಟ ಹಕ್ಕಿಯನ್ನು ಕೊಂದವನು ಎಂಬ ಹೆಸರು ಬಂದ ಮೇಲೆ ಅವನ ಹತ್ತಿರ ಸೈಕಲ್ ತರುವುದನ್ನು ಜನ ನಿಲ್ಲಿಸಿದರು. ಅಕ್ಟೋಬರ್ ಒಂದರ ಬೆಳಿಗ್ಗೆ ಠಾಣೆಯ ಜೀಪು ಗುಡ್ಡದ ಬುಡದ ರಸ್ತೆಯಲ್ಲಿ ಬರುವುದನ್ನು ಕಂಡು ಅವನು ಹಿತ್ತಲಿನಿಂದ ಓಡಿದ. ಜೀಪು ಬೇರೆಲ್ಲಿಗೋ ಹೊರಟಿತ್ತು. ಮುದುಕ ಮೆಟ್ಟಿಲು ಹೊಲದಿಂದ ಕೆಳಗಿನ ಹೊಲಕ್ಕೆ ಬಿದ್ದು ಸೊಂಟ ಮುರಿದುಕೊಂಡ.

ನಮ್ಮ ಗುಡ್ಡಕ್ಕೆ ಆಂಬುಲೆನ್ಸ್ ಹತ್ತುವುದಿಲ್ಲ. ರೋಗಿಯನ್ನು ಹೆಣೆದ ಡೋಲಿಯಲ್ಲಿ ಮಲಗಿಸಿ ಗಂಡಸರು ಸರದಿಯಲ್ಲಿ ಹೆಗಲು ಕೊಡುತ್ತಾರೆ. ಹೆಂಗಸರು ಬಟ್ಟೆ, ನೀರು, ಅಡುಗೆ ಹೊತ್ತು ಹಿಂದೆ ನಡೆಯುತ್ತಾರೆ. ಪ್ರತಿ ಮನೆಯೂ ಬರಲೇಬೇಕು. ಇವತ್ತು ಬಾರದವರನ್ನು ನಾಳೆ ಯಾರೂ ಹೊರುವುದಿಲ್ಲ. ನ್ಯಾಮಿರಾಮದಲ್ಲಿ ಇನ್ನೊಂದು ನಿಯಮವಿದೆ: ಮಲಗಿದವನ ವಿಷಯದಲ್ಲಿ ಮನಸ್ಸಿನೊಳಗೆ ಸಿಟ್ಟೋ ತಪ್ಪೋ ಇಟ್ಟುಕೊಂಡವನು ಡೋಲಿ ಎತ್ತುವ ಮೊದಲು ಅದನ್ನು ಎಲ್ಲರೆದುರು ಹೇಳಿ ಇಳಿಸಬೇಕು. ಒಳಗಿಟ್ಟುಕೊಂಡು ಹೆಗಲು ಕೊಟ್ಟರೆ ದಾರಿಯಲ್ಲಿ ಕಾಲು ಜಾರುತ್ತದೆ. ಜಾರಿದವರ ಕಥೆ ಪ್ರತಿ ಮನೆಯಲ್ಲೂ ಒಂದೊಂದಿದೆ. ನಾನು ಜೀವಶಾಸ್ತ್ರ ಓದಿದವಳು. ನಾನೂ ಅದನ್ನು ನಂಬುತ್ತೇನೆ.

ಸುಮಾರು ಮೂವತ್ತು ಮಂದಿ ಸೇರಿದ್ದರು. ಒಬ್ಬ ತನ್ನ ಮೇಕೆಯ ಜಗಳ ಹೇಳಿ ಇಳಿಸಿದ. ಇನ್ನೊಬ್ಬ, ಮುಜೇ ಕಟ್ಟಿದ ಬ್ರೇಕು ಹಿಡಿಯದೆ ತಾನು ಚರಂಡಿಗೆ ಬಿದ್ದದ್ದನ್ನು ಹೇಳಿದ. ನೋವಿನಲ್ಲೂ ಮುದುಕ, ನೀನು ಕುಡಿದಿದ್ದೆ ಎಂದ. ಮುಂದಿನ ಎಡ ಹೆಗಲಿನ ಜಾಗ ನಹಾಬ್ವೆಯದು. ಅವನು ಬಂದು ನಿಂತ, ಬಗ್ಗಲಿಲ್ಲ.

"ಆ ಉರುಲು ನಂದು," ಎಂದ.

ಯಾರೋ ನಕ್ಕು ನಿಲ್ಲಿಸಿದರು.

"ನಾಲ್ಕು ವರ್ಷದ ಹಿಂದೆ, ಸ್ವಯಂಸೇವಕ ಆಗೋಕೆ ಮೊದಲು. ಸಣ್ಣ ಜಿಂಕೆಗೆ ಅಂತ ಹನ್ನೆರಡು ಇಟ್ಟಿದ್ದೆ. ಬಿಡೋಣ ಅನ್ನಿಸಿದ ಮೇಲೆ ಹೋಗಿ ಹನ್ನೊಂದು ಕಿತ್ತೆ. ಹನ್ನೆರಡನೇದು ಸಿಗಲಿಲ್ಲ. ಕಾಡುಹಂದಿ ಎಳ್ಕೊಂಡು ಹೋಗಿರಬೇಕು ಅಂತ ಬಂದ್ಬಿಟ್ಟೆ. ಅದು ಅಲ್ಲೇ ಇತ್ತು. ತಂತಿ ಕಟ್ಟೋದನ್ನ ಕಲಿಸಿದ್ದು ಮುಜೇ. ಅವರ ಅಂಗಡೀಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅವರು ಕಲಿಸಿದ್ದು ಬ್ರೇಕು ಕಟ್ಟೋಕೆ."

ನನ್ನ ತಲೆಯ ಮೇಲಿದ್ದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಂತಿಯ ದಪ್ಪ, ಉದ್ದ, ಸುತ್ತಿನ ಸಂಖ್ಯೆ, ದಿಕ್ಕು ಎಲ್ಲ ಅಳೆದಿದ್ದೆ. ತುಕ್ಕು ಅಳೆದಿರಲಿಲ್ಲ. ಎಳೆಗಳ ನಡುವಿನವರೆಗೆ ತಿಂದಿದ್ದ ಆ ತುಕ್ಕು ನಾಲ್ಕು ವರ್ಷದ ಮಳೆಯದು. ಕಣ್ಣೆದುರೇ ಇತ್ತು. ನನಗೆ ಈಗಿನ ಅಪರಾಧಿ ಬೇಕಿತ್ತು, ಹಾಗಾಗಿ ನೋಡಲಿಲ್ಲ.

ಅವನು ನನ್ನ ಕಡೆ ತಿರುಗಿದ. "ಗೂಟದ ಹತ್ತಿರ ತಂತಿ ಕೊಟ್ಯಲ್ಲ, ಆಗ ಗೊತ್ತಾಯ್ತು ನೀನು ನನ್ನ ಕೈಯನ್ನ ಯಾಕೆ ನೋಡ್ತಿದ್ದೆ ಅಂತ. ಬೇಕಂತಲೇ ಬಲಗೈಲಿ ಸುತ್ತಿದೆ. ನೀನು ನಕ್ಕೆ. ಆ ನಗು ಕಳ್ಕೊಳ್ಳೋಕೆ ಆಗಲಿಲ್ಲ."

ಡೋಲಿಯಿಂದ ರುತಾರೊ ತಲೆ ಎತ್ತಿದ. "ಹೇಳಿ ಆಯ್ತಾ? ಹಾಗಾದ್ರೆ ಎತ್ತು. ಅಳೋದು ಆಸ್ಪತ್ರೇಲಿ ಅಳು, ಸೊಂಟ ಕಾಯಲ್ಲ."

ನಾನೂ ಮುಂದೆ ಬಂದೆ. ಮುಜೇ ಹೆಸರನ್ನು ಬರೆದು ಕೊಟ್ಟವಳು ನಾನು ಎಂದೆ.

"ಗೊತ್ತು ಮಗಳೇ. ನಾಲ್ಕು ಪುಟ ಅಂತೆ. ನನ್ನ ಬಗ್ಗೆ ಅಷ್ಟು ಉದ್ದ ಯಾರೂ ಬರೆದಿರಲಿಲ್ಲ." ಅವನು ಕಣ್ಣು ಮುಚ್ಚಿಕೊಂಡ. "ಬುಟ್ಟಿ ಹುಷಾರಾಗಿ ಹೊರು, ಅದರಲ್ಲಿ ನನ್ನ ಅಂಬಲಿ ಇದೆ."

ಆಸ್ಪತ್ರೆಗೆ ಮೂರು ಗಂಟೆಯ ದಾರಿ. ಯಾರ ಕಾಲೂ ಜಾರಲಿಲ್ಲ. ನಹಾಬ್ವೆ ಸರದಿ ಬಿಟ್ಟುಕೊಡದೆ ಅಷ್ಟು ದೂರವೂ ಹೊತ್ತ. ನಾನು ಹಿಂದಿನಿಂದ ಅವನ ಬೆನ್ನು ನೋಡುತ್ತ ನಡೆದೆ. ಒಂದು ತಿರುವಿನಲ್ಲಿ ಆ ಬೆನ್ನಿಗೆ ಕಲ್ಲು ಎಸೆಯಬೇಕೆನ್ನಿಸಿತು. ಮುಂದಿನ ತಿರುವಿನಲ್ಲಿ ಅಂಗಿ ತೋಯ್ದದ್ದು ಕಂಡು ನೀರು ಕೊಡಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ.

ಮೂಳೆ ಕೂರಿಸಿದ ಡಾಕ್ಟರು ಮುದುಕ ನಡೆದಾನು, ತಡವಾಗುತ್ತದೆ ಎಂದರು. ಹೊರಗಿನ ಬೆಂಚಿನ ಮೇಲೆ ನಹಾಬ್ವೆ ಒಬ್ಬನೇ ಕೂತಿದ್ದ. ಹೆಗಲಿನ ಚರ್ಮ ಸುಲಿದಿತ್ತು. ನಾನು ಎದುರಿಗೆ ನಿಂತೆ.

"ಏಳು. ಠಾಣೆಗೆ ಹೋಗೋಣ."

"ನೀನು ಹೇಳದಿದ್ರೂ ಹೋಗ್ತಿದ್ದೆ."

"ಇರಬಹುದು. ಆದ್ರೆ ನಾನೇ ಕರ್ಕೊಂಡು ಹೋಗ್ಬೇಕು. ಆಣೆ ಇಟ್ಟಿದೀನಿ."

ಅವನು ಎದ್ದ. ಕೈ ಮುಂದೆ ಚಾಚಿದ. ನಾನು ಎಡ ಮಣಿಕಟ್ಟನ್ನು ಹಿಡಿದೆ. ಹಾಗೇ ಹಿಡಿದು ಪೇಟೆಯ ನಡುವೆ ನಡೆಸಿಕೊಂಡು ಹೋದೆ. ಜೋಡಿ ಎಂದುಕೊಂಡ ಬಟ್ಟೆ ಮಾರುವವಳೊಬ್ಬಳು ನಮ್ಮನ್ನು ನೋಡಿ, ಮದುವೆಗೆ ಒಳ್ಳೆ ಬಟ್ಟೆ ಇದೆ ಬನ್ನಿ ಎಂದು ಕರೆದಳು.

ಠಾಣೆಯಲ್ಲಿ ನನ್ನ ನಾಲ್ಕು ಪುಟ ತಪ್ಪೆಂದು ಮೊದಲು ಬರೆದುಕೊಟ್ಟೆ. ಆಮೇಲೆ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟೆ. ಕಾವಲುಗಾರ ಇವನ ಹೇಳಿಕೆಗೆ ಕಾಗದ ಹುಡುಕಲು ಒಳಗೆ ಹೋದ. ನಾವಿಬ್ಬರೂ ಗೋಡೆಗೊರಗಿದ ಬೆಂಚಿನಲ್ಲಿ ಕೂತೆವು.

"ನಿನ್ನನ್ನ ಕ್ಷಮಿಸಿಲ್ಲ," ಎಂದೆ. "ಉರುಲಿಗಲ್ಲ. ಅದು ಮರೆವು, ಅದನ್ನ ಎಂದಾದ್ರೂ ಕ್ಷಮಿಸ್ತೀನೇನೋ. ಬಲಗೈಯ ಸುಳ್ಳಿಗೆ ಕ್ಷಮಿಸಲ್ಲ. ಮುಜೇನ ಕರ್ಕೊಂಡು ಹೋದಾಗ ಸುಮ್ಮನಿದ್ಯಲ್ಲ, ಅದಕ್ಕೂ."

"ಗೊತ್ತು."

"ಎಷ್ಟು ತಿಂಗಳು ಹಾಕ್ತಾರೋ ಹಾಕಲಿ. ಭೇಟಿಗೆ ಬಿಡೋ ಪ್ರತಿ ದಿನವೂ ಬರ್ತೀನಿ. ಎದುರಿಗೆ ಕೂತು ಇದನ್ನೇ ಹೇಳ್ತೀನಿ. ಒಂದು ವಾರವೂ ತಪ್ಪಿಸಲ್ಲ."

ಅವನು ನನ್ನ ಮುಖವನ್ನು ನೋಡಿದ. "ನೀನು ಬರದೇ ಇರೋದೇ ಶಿಕ್ಷೆ ಅಂದ್ಕೊಂಡಿದ್ದೆ."

"ಅದನ್ನೂ ಯೋಚನೆ ಮಾಡಿದೆ, ದಾರಿಯುದ್ದಕ್ಕೂ. ನನ್ನ ಕೈಲಿ ಆಗಲ್ಲ."

ಒಳಗೆ ಕಾವಲುಗಾರ ಕಪಾಟು ತೆರೆದು ಮುಚ್ಚುವ ಸದ್ದಾಗುತ್ತಿತ್ತು. ಅವನ ಮಣಿಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಡಬೇಕಿತ್ತು, ಬಿಡಲಿಲ್ಲ. ಎರಡು ಬೆರಳನ್ನು ಹೆಬ್ಬೆರಳಿನ ಬುಡದ ಕೆಳಗೆ ಒತ್ತಿ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ ಎಣಿಸಿದೆ.

ಅವನ ನಾಡಿ ನಿಮಿಷಕ್ಕೆ ನೂರ ಹದಿನಾಲ್ಕು.